ಉಪದೇಶಿ ಇನ್ನಾಸಪ್ಪನವರ ಇನ್ನೂರ ಹದಿನಾಲ್ಕು ಪ್ರಶ್ನೆಗಳು

ನನ್ನ ಕುರಿ ಅವರ ಧರ್ಮೋಪದೇಶದ ಪುಸ್ತಕ ತಿಂದ ದಿನವೇ ನಾನು ಇನ್ನಾಸಪ್ಪ ಮೇಷ್ಟ್ರನ್ನು ಮೊದಲ ಸಲ ನೋಡಿದ್ದು. ಎರಡು ಸಾವಿರದ ಎರಡನೇ ಇಸವಿ, ಯುಗಾದಿ ಕಳೆದ ಎರಡನೇ ಭಾನುವಾರ, ಹೊತ್ತು ಹನ್ನೊಂದು ಗಂಟೆ. ಪೂರ್ತಿ ಪುಸ್ತಕವನ್ನೇ ತಿಂದುಬಿಟ್ಟಿತು ಎಂದು ಈಗ ಕೆಲವರು ಹೇಳುತ್ತಾರೆ. ತಿಂದದ್ದು ಎಂಟು ಹಾಳೆ. ರಟ್ಟನ್ನು ಮೂಸಿ ಬಿಟ್ಟಿತ್ತು.

ಶಿಕಾರಿಪುರದಲ್ಲಿ ನಮ್ಮ ಓಣಿಯ ಹಿಂದೆಯೇ ಚರ್ಚಿನ ಕಾಂಪೌಂಡು. ಅದರ ಗೋಡೆ ಒಂದು ಕಡೆ ಬಿದ್ದು ಮೂರು ವರ್ಷವಾಗಿತ್ತು. ಅದನ್ನು ಕಟ್ಟಿಸುವುದಕ್ಕೆ ಕಮಿಟಿಯವರು ಮೂರು ವರ್ಷದಿಂದ ಮೀಟಿಂಗ್ ಮಾಡುತ್ತಿದ್ದರು. ಮೀಟಿಂಗ್ ನಡೆಯುತ್ತಿದೆ ಎಂದು ಕುರಿಗೆ ಯಾರೂ ಹೇಳಿರಲಿಲ್ಲ, ಒಳಗೆ ಹೋಯಿತು. ಒಳಗೆ ಬೇವಿನ ಮರದ ಕೆಳಗೆ ಒಂಬತ್ತು ಮಕ್ಕಳು ಸಾಲಾಗಿ ಕೂತಿದ್ದರು. ಅವರ ಮುಂದೆ ಬಿಳಿ ಪಂಚೆ, ಬಿಳಿ ಅಂಗಿಯ ಒಬ್ಬರು ಕಂಕುಳಲ್ಲಿ ಕೋಲು ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿಕೊಂಡು ಪ್ರಶ್ನೆ ಕೇಳುತ್ತಿದ್ದರು. ಪುಸ್ತಕ ನೋಡಿ ಕೇಳುವುದು ಅವರ ಮರ್ಯಾದೆಗೆ ಕಡಿಮೆ. ಆದ್ದರಿಂದ ಪುಸ್ತಕ ಹಿಂದಿನ ಕುರ್ಚಿಯ ಮೇಲಿತ್ತು, ಕುರಿ ಕುರ್ಚಿಯ ಪಕ್ಕದಲ್ಲಿತ್ತು. ಒಂಬತ್ತು ಮಕ್ಕಳೂ ನೋಡುತ್ತಿದ್ದರು, ಒಬ್ಬರೂ ಉಸಿರು ಬಿಡಲಿಲ್ಲ. ಅವರ ಪಾಠದಲ್ಲಿ ಕೇಳದೆ ಬಾಯಿ ತೆರೆಯುವುದು ತಪ್ಪು.

ನಾನು ಓಡಿ ಬಂದ ಸದ್ದಿಗೆ ಅವರು ಕಣ್ಣು ಬಿಟ್ಟರು.

"ಯಾರದಮ್ಮ ಈ ಕುರಿ?"

"ನಮ್ದೇ ರೀ."

"ಏನು ತಿಂದೈತೆ ಗೊತ್ತೇನು?"

"ಪೇಪರ್ ರೀ."

"ಪೇಪರ್ ಅಲ್ಲ. ಐವತ್ತೊಂದನೇ ಪ್ರಶ್ನೆಯಿಂದ ಎಪ್ಪತ್ತಾರರ ತನಕ ತಿಂದೈತೆ. ಪಾಪದ ಭಾಗ ಪೂರ್ತಿ."

"ಅದರಿಂದ ಕುರಿಗೆ ಏನಾರ ಆಗ್ತದೇನ್ರೀ?"

ಮಕ್ಕಳು ನಕ್ಕರು. ನಕ್ಕವರಿಗೆಲ್ಲ ಒಂದೊಂದು ಏಟು ಬಿತ್ತು. ನನ್ನನ್ನು ಮತ್ತು ಹಿಂದೆಯೇ ಬಂದ ನನ್ನ ಗಂಡ ಉಜ್ಜಪ್ಪನನ್ನು ಅಲ್ಲೇ ನಿಲ್ಲಿಸಿ, ಒಂದು ನೋಟ್‌ಬುಕ್ ತರಿಸಿ, ಆ ಇಪ್ಪತ್ತಾರು ಪ್ರಶ್ನೆ, ಇಪ್ಪತ್ತಾರು ಉತ್ತರಗಳನ್ನು ನೆನಪಿನಿಂದಲೇ ಬರೆಯಲು ಕೂತರು. ದಂಡ ಬೇಡ, ಏನು ಹಾಳಾಯಿತು ಎಂದು ನಾವು ನಿಂತು ಕೇಳಬೇಕು, ಅಷ್ಟೆ. ಒಂದೊಂದನ್ನೂ ಗಟ್ಟಿಯಾಗಿ ಹೇಳುತ್ತಾ ಬರೆದರು. ಬಿಸಿಲಲ್ಲಿ ಎರಡು ಗಂಟೆ ನಿಂತೆವು.

"ಇವ್ರ ಕೈಗೆ ಸಿಗೋದಕ್ಕಿಂತ ಕುರಿನ ಕೊಂಡವಾಡಕ್ಕೆ ಹೊಡ್ಕೊಂಡು ಹೋಗಿದ್ರೆ ಚಲೋ ಇತ್ತು, ದಂಡ ಕಟ್ಟಿ ಬಿಡಿಸ್ಕೊಂಡು ಬರ್ತಿದ್ವಿ" ಎಂದು ಉಜ್ಜಪ್ಪ ಮನೆಗೆ ಬರುವಾಗ ಅಂದ.

ಈಗ ಅವರನ್ನು ಸಂತ ಎನ್ನುತ್ತಾರೆ. ಅವರು ತೀರಿಕೊಂಡ ಮೇಲೆ ನಡೆದ ಸಭೆಯಲ್ಲಿ ಐದು ಜನ ಭಾಷಣ ಮಾಡಿದರು. ಒಬ್ಬರು, ಜೀವನದಲ್ಲಿ ಒಮ್ಮೆಯೂ ಸಿಟ್ಟು ಮಾಡದವರು ಎಂದರು. ಅವರು ಶಿವಮೊಗ್ಗದಿಂದ ಬಂದವರು, ಅವರ ತಪ್ಪಲ್ಲ. ಊರಿನವರಾದರೂ ತಿದ್ದಬಹುದಿತ್ತು, ಆದರೆ ಊಟಕ್ಕೆ ಹೊತ್ತಾಗುತ್ತಿತ್ತು. ಅದಕ್ಕೇ ನನಗೆ ಗೊತ್ತಿರುವುದನ್ನು, ಗೊತ್ತಿರುವಷ್ಟೇ ಬರೆಯುತ್ತಿದ್ದೇನೆ.

ಅವರ ಅಪ್ಪ ಗಾರೆ ಕೆಲಸದವರು. ಸೊರಬ ತಾಲೂಕಿನ ಜಡೆ ಕಡೆ ಒಂದು ಸಣ್ಣ ಪ್ರಾರ್ಥನಾಲಯ ಕಟ್ಟಲು ಬಂದು, ಕಟ್ಟಿ ಮುಗಿಸಿ, ಅಲ್ಲೇ ಉಳಿದುಕೊಂಡರು. ಅಪ್ಪನಿಗೆ ಓದು ಬಾರದು. ಮಗ ಎಂಟನೇ ವಯಸ್ಸಿಗೇ ಇನ್ನೂರ ಹದಿನಾಲ್ಕು ಪ್ರಶ್ನೆಗಳ ಉತ್ತರ ಬಾಯಿಪಾಠ ಮಾಡಿ ಒಪ್ಪಿಸಿದ್ದಕ್ಕೆ, ಹುಡುಗ ಫಾದರ್ ಆಗುತ್ತಾನೆ ಎಂದು ಎಲ್ಲರೂ ತೀರ್ಮಾನ ಮಾಡಿದರು. ಹದಿನಾರಕ್ಕೆ, ಫಾದರ್ ಆಗುವವರು ಓದುವ ಗುರುಮಠಕ್ಕೆ ಸೇರಿಸಿದರು. ಹದಿನಾಲ್ಕು ತಿಂಗಳಿಗೆ ಪೆಟ್ಟಿಗೆ ಹೊತ್ತುಕೊಂಡು ವಾಪಸ್ ಬಂದರು.

"ಯಾಕೆ ಬಿಟ್ಟು ಬಂದ್ರಿ ಮೇಷ್ಟ್ರೆ?" ಎಂದು ಒಮ್ಮೆ ಕೇಳಿದ್ದೆ.

"ಅಲ್ಲಿ ಪ್ರಶ್ನೆ ಕೇಳೋರು ಅವರು, ಉತ್ತರ ಹೇಳೋರು ನಾವು. ನಂಗೆ ಅದು ಹೊಂದ್ಲಿಲ್ಲ ಮಾರಾಯ್ತಿ."

ಆಮೇಲೆ ಶಿಕಾರಿಪುರದ ಚರ್ಚಿಗೆ ಉಪದೇಶಿ ಎಂದು ಬಂದವರು ನಲವತ್ತನಾಲ್ಕು ವರ್ಷ ಬಿಡಲಿಲ್ಲ. ಮಕ್ಕಳಿಗೆ ಮೊದಲ ಸಲ ಸತ್ಪ್ರಸಾದ ಕೊಡುವ ಮುಂಚೆ ಧರ್ಮ ಕಲಿಸಿ ತಯಾರು ಮಾಡುವುದು ಅವರ ಕೆಲಸ. ಭಾನುವಾರ ಶಿಕಾರಿಪುರ, ಶನಿವಾರ ಬಸ್ ಹತ್ತಿ ಸೊರಬ, ಅಲ್ಲಿ ಚರ್ಚಿನವರದು ಇದ್ದದ್ದು ನಾಲ್ಕೇ ಮನೆ. ನಾಲ್ಕು ಮನೆಯವರೂ ಶನಿವಾರ ಬಂದರೆ ಎಲ್ಲಾದರೂ ನೆಂಟರ ಮನೆಗೆ ಹೋಗಬೇಕಾದ ಕೆಲಸ ಹುಡುಕಿಕೊಳ್ಳುತ್ತಿದ್ದರು. ಇವರು ಬಾಗಿಲಲ್ಲಿ ಕೂತು ಕಾಯುತ್ತಿದ್ದರು. ಕಾಯುವುದಕ್ಕೆ ಬೇಸರವಿಲ್ಲದ ಮನುಷ್ಯ, ಕೊನೆಗೆ ನೆಂಟರೇ ಸೋತರು.

ಪ್ರಶ್ನೆ ಇನ್ನೂರ ಹದಿನಾಲ್ಕೇ. ಒಂದು ಉತ್ತರದಲ್ಲಿ ಒಂದು ಮಾತು ಹಿಂದು ಮುಂದಾದರೂ ಆ ಮಗುವಿಗೆ ಆ ವರ್ಷ ಸತ್ಪ್ರಸಾದ ಇಲ್ಲ. ಪಕ್ಕದವರು ಪಿಸುಗುಟ್ಟಿ ಹೇಳಿಕೊಟ್ಟರೆ ಅದು ಕಳ್ಳತನ. ಹೇಳಿಕೊಟ್ಟವರು, ಹೇಳಿಸಿಕೊಂಡವರು ಇಬ್ಬರೂ ಪಾಠ ಮುಗಿಯುವವರೆಗೆ ಹೊರಗೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಸ್ವಂತ ಮಗಳು ರೋಜಾಳನ್ನೂ ಬಿಡಲಿಲ್ಲ. ನೂರ ಮೂವತ್ತನೇ ಉತ್ತರದಲ್ಲಿ ಎರಡು ವರ್ಷ ಅವಳು ಒಂದೇ ಕಡೆ ಎಡವಿದಳು. ಅವಳ ತಾಯಿ ಲೂರ್ದಮ್ಮ ಹೊಲಿಸಿಟ್ಟ ಬಿಳಿ ಫ್ರಾಕಿನ ಅಂಚನ್ನು ಎರಡು ಸಲ ಬಿಚ್ಚಿ ಉದ್ದ ಮಾಡಿದಳು. ಮೂರನೇ ವರ್ಷ ಉತ್ತರ ಸರಿಬಂತು, ಫ್ರಾಕು ಸೊಂಟದಲ್ಲಿ ಹಿಡಿಯಲಿಲ್ಲ. ದೇವರು ಬಟ್ಟೆ ನೋಡುವುದಿಲ್ಲ ಎಂದರಂತೆ ಮೇಷ್ಟ್ರು. ಲೂರ್ದಮ್ಮ ನೋಡುತ್ತಿದ್ದಳು, ಅದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಉಜ್ಜಪ್ಪ ತೀರಿಹೋದದ್ದು ಎರಡು ಸಾವಿರದ ಐದರಲ್ಲಿ. ಕುರಿ ಮಾರಿದೆವು. ಸೊಸೆ ಪ್ರಮೀಳಾ ಬಂದ ಮೇಲೆ ಮನೆಯಲ್ಲಿ ನನಗೆ ಕೈಕೆಲಸ ಉಳಿಯಲಿಲ್ಲ. ಚರ್ಚಿನಲ್ಲಿ ಗುಡಿಸಿ, ಫಾದರಿಗೆ ಅಡಿಗೆ ಮಾಡುವವರು ಬೇಕಾಗಿದೆ ಎಂದು ಮೇಷ್ಟ್ರೇ ಹೇಳಿಕಳಿಸಿದರು. ಸೇರಿದೆ. ಹನುಮಮ್ಮ ಜಾತಿ ಬಿಟ್ಟಳು ಎಂದು ಓಣಿಯಲ್ಲಿ ವರ್ಷಕ್ಕೆ ಒಂದು ಸಲ ಸುದ್ದಿಯಾಗುತ್ತಿತ್ತು. ಬೀರಪ್ಪನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದರೆ ಮತ್ತೆ ಒಂದು ವರ್ಷ ಸುಮ್ಮನಿರುತ್ತಿದ್ದರು.

ಅಷ್ಟರಲ್ಲಿ ಪಾಠ ಮರದ ಕೆಳಗಿನಿಂದ ಕೋಣೆಯೊಳಗೆ ಬಂದಿತ್ತು. ಆ ಕೋಣೆಯ ಕಿಟಕಿಯ ಹೊರಗೆ ಜಗಲಿ. ಅಲ್ಲಿ ಕೂತು ನಾನು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ. ನಾನು ಕಲಿಯಬೇಕೆಂದು ಕಲಿತದ್ದಲ್ಲ. ಕಿವಿ ಮುಚ್ಚಿಕೊಂಡು ಅಕ್ಕಿ ಆರಿಸಲು ಬರುವುದಿಲ್ಲ. ನಾಲ್ಕೈದು ವರ್ಷದಲ್ಲಿ ನನಗೆ ಇನ್ನೂರ ಹದಿನಾಲ್ಕೂ ಬಂದುಬಿಟ್ಟವು. ಒಂದು ಮಾತೂ ಹಿಂದು ಮುಂದಿಲ್ಲ. ಒಳಗಿದ್ದ ಮಕ್ಕಳಿಗೆ ಬರಬೇಕಾದದ್ದು ಹೊರಗಿದ್ದ ಮುದುಕಿಗೆ ಬಂತು. ಉಪದೇಶ ಕೊಡುವವರು ಎಷ್ಟು ಗಟ್ಟಿಯಾಗಿ ಕೊಡುತ್ತಿದ್ದರು ಎನ್ನುವುದಕ್ಕೆ ಇಷ್ಟು ಸಾಕು.

ಎರಡು ಸಾವಿರದ ಇಪ್ಪತ್ತೊಂದರ ದೀಪಾವಳಿ ಆದ ಮೇಲಿನ ಭಾನುವಾರ ಮೊದಲ ಸಲ ತಪ್ಪಿತು. ಹತ್ತು ಕಟ್ಟಳೆಗಳನ್ನು ಹೇಳುತ್ತಾ ಮೂರರಿಂದ ಐದಕ್ಕೆ ಹೋದರು. ಮಕ್ಕಳು ಹಾಗೆಯೇ ಹೇಳಿದರು. ತಂದೆ ತಾಯಿಯನ್ನು ಗೌರವಿಸುವ ಕಟ್ಟಳೆ ಬಿಟ್ಟುಹೋಯಿತಲ್ಲ ಎಂದು ಅವರಿಗೇನೂ ಬೇಸರವಾದಂತೆ ಕಾಣಲಿಲ್ಲ. ಮುಂದಿನ ವಾರ ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳಿದರು. ಅದರ ಮುಂದಿನ ವಾರ ಪ್ರಶ್ನೆಯ ಅರ್ಧಕ್ಕೆ ನಿಂತು, ಕಣ್ಣು ಮುಚ್ಚಿಕೊಂಡೇ ಇದ್ದರು. ನಾನು ಮೊರ ಕೆಳಗಿಟ್ಟು, ಉಳಿದ ಅರ್ಧವನ್ನು ಕಿಟಕಿಯ ಕೆಳಗಿನಿಂದ ಮೆಲ್ಲಗೆ ಹೇಳಿದೆ.

"ಯಾರದು?" ಎಂದರು.

ನಾನು ಮತ್ತೆ ಮೊರ ಎತ್ತಿಕೊಂಡೆ. ಅವರು ಪ್ರಶ್ನೆ ಪೂರ್ತಿ ಮಾಡಿ ಮುಂದಕ್ಕೆ ಹೋದರು.

ನಂತರದ ಭಾನುವಾರ ನೋಡಿದರೆ ಕುರ್ಚಿ ಕಿಟಕಿಯ ಹತ್ತಿರ ಬಂದಿತ್ತು. "ಗಾಳಿ ಬೇಕು" ಎಂದರು ಮಕ್ಕಳಿಗೆ. ಕಾರ್ತಿಕದ ಚಳಿ. ಮಕ್ಕಳು ಸ್ವೆಟರ್ ಹಾಕಿಕೊಂಡು ಕೂತಿದ್ದರು.

ನಾವಿಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರು ನಿಂತ ಕಡೆ ನಾನು ಹೇಳುವುದು, ನಾನು ಹೇಳಿದ್ದನ್ನು ಅವರು ಕೇಳದವರ ಹಾಗೆ ಹೇಳುವುದು. ಆರಿಸಿದ ಅಕ್ಕಿಯನ್ನೇ ಮತ್ತೆ ಮತ್ತೆ ಆರಿಸುತ್ತಿದ್ದೆ. ಆ ವರ್ಷ ನಮ್ಮ ಫಾದರ್ ಉಂಡಷ್ಟು ಕಲ್ಲಿಲ್ಲದ ಅನ್ನವನ್ನು ಬಿಷಪ್ಪರೂ ಉಂಡಿರಲಿಕ್ಕಿಲ್ಲ.

ಫಾದರ್ ಹೊಸಬರು, ಚಿಕ್ಕ ವಯಸ್ಸು. ಒಳ್ಳೆಯವರೇ. ಧರ್ಮವನ್ನು ಪ್ರಾಜೆಕ್ಟರ್‌ನಲ್ಲಿ ತೋರಿಸಿದರೆ ಬೇಗ ಹತ್ತುತ್ತದೆ ಎಂದು ಅವರಿಗೆ ನಂಬಿಕೆ. ಮೇಷ್ಟ್ರನ್ನು ಜಗಲಿಗೆ ಕರೆದು ಕೂರಿಸಿಕೊಂಡು ಕಾಫಿ ಕೊಟ್ಟು ಮಾತು ತೆಗೆದರು. ಕಾಫಿ ತಂದವಳು ನಾನೇ.

"ಮೇಷ್ಟ್ರೇ, ಸಾಕಷ್ಟು ದುಡಿದಿದ್ದೀರಿ. ಇನ್ನು ವಿಶ್ರಾಂತಿ ತಗೊಳ್ಳಿ."

"ದಣಿವಾದ್ರೆ ತಗೋತೀನಿ ಫಾದರ್."

"ಪ್ರಶ್ನೆ ಮರೀತಿದ್ದೀರಿ ಅಂತ ಮಕ್ಕಳ ಮನೆಯವರು ಹೇಳ್ತಿದ್ದಾರೆ."

"ಯಾವ ಮನೆಯವರು? ಕರೀರಿ. ಅವರಿಗೇ ಕೇಳ್ತೀನಿ, ಒಂದು ಪ್ರಶ್ನೆ ಸಾಕು."

ಫಾದರ್ ನಕ್ಕರು. ಕೊನೆಗೆ ಹೀಗೆ ಮಾತಾಯಿತು: ಬೇಸಿಗೆಯಲ್ಲಿ ಶಿವಮೊಗ್ಗದ ಧರ್ಮಕ್ಷೇತ್ರದಿಂದ ಒಬ್ಬ ಗುರುಗಳು ಪರೀಕ್ಷೆಗೆ ಬರುತ್ತಾರೆ, ಅವರ ಎದುರಿಗೆ ಮೇಷ್ಟ್ರು ತಮ್ಮ ತರಗತಿಯ ಏಳು ಮಕ್ಕಳಿಗೆ ಪಾಠ ನಡೆಸಿ ತೋರಿಸಬೇಕು. ತಡವರಿಸದಿದ್ದರೆ ತರಗತಿ ಅವರದೇ. ತಡವರಿಸಿದರೆ ಪ್ರಾಜೆಕ್ಟರ್‌ನದು.

ಫಾದರ್ ಒಳಗೆ ಹೋದ ಮೇಲೆ ಅವರು ಲೋಟ ಕೈಯಲ್ಲೇ ಹಿಡಿದು ಕೂತರು.

"ಕಲಿತೋರು ಎಲ್ಲೆಲ್ಲೋ ಹೋದ್ರು ಹನುಮಮ್ಮ. ಎದುರಿಗೆ ಸಿಕ್ಕಿದ್ರೆ ನಮಸ್ಕಾರ ಅಂತಾರೆ. ಇಪ್ಪತ್ತನೇ ಪ್ರಶ್ನೆ ಅಂದ್ರೆ ಬಸ್ ಬಂತು ಅಂತಾರೆ. ಈ ಏಳು ಮಕ್ಕಳೂ ಹೋದ್ರೆ ನಾನು ಕಲಿಸಿದ್ದು ಎಲ್ಲಿ ಉಳೀತದೆ?"

"ಕಾಫಿ ಆರಿತು ಕುಡೀರಿ" ಎಂದೆ.

ಪರೀಕ್ಷೆಯ ದಿನ ಬಂತು. ಜಗಲಿಯಲ್ಲಿ ಮೊರ ಇಟ್ಟುಕೊಂಡು ನಾನು ತಯಾರು. ಆಗ ಫಾದರ್‌ಗೆ ಒಂದು ಯೋಚನೆ ಬಂತು: ದೊಡ್ಡವರು ಬಂದಿದ್ದಾರೆ, ಕೋಣೆ ಸಣ್ಣದು, ದೇವಾಲಯದ ಒಳಗೇ ನಡೆಸೋಣ. ಕುರ್ಚಿಯನ್ನು ಒಳಗೆ ತೆಗೆದುಕೊಂಡು ಹೋದರು. ಅಲ್ಲಿ ಕಿಟಕಿಗಳು ಆಳೆತ್ತರದಲ್ಲಿವೆ. ಮೇಷ್ಟ್ರು ಬಾಗಿಲಲ್ಲಿ ತಿರುಗಿ ಒಮ್ಮೆ ನನ್ನನ್ನು ನೋಡಿ ಒಳಗೆ ಹೋದರು.

ಪುಣ್ಯಕ್ಕೆ ಕುರ್ಚಿ ಇಟ್ಟದ್ದು ಪಾಪನಿವೇದನೆಯ ಪೆಟ್ಟಿಗೆಯ ಪಕ್ಕದಲ್ಲಿ. ಅದು ಮರದ ಗೂಡು. ಒಂದು ಕಡೆ ಫಾದರ್ ಕೂರುತ್ತಾರೆ, ಇನ್ನೊಂದು ಕಡೆ ಪಾಪ ಹೇಳುವವರು ಮಂಡಿಯೂರುತ್ತಾರೆ, ನಡುವೆ ಜಾಲರಿ. ಹದಿನೇಳು ವರ್ಷ ಗುಡಿಸಿ ಒರೆಸಿದವಳು ನಾನು, ಯಾವ ಕಡೆ ಮೆತ್ತೆ ಇದೆ ಎಂದು ಗೊತ್ತಿತ್ತು. ಹಿಂದಿನ ಬಾಗಿಲಿನಿಂದ ಬಂದು ಮೆತ್ತೆಯ ಕಡೆಯೇ ಕೂತು ಪರದೆ ಎಳೆದುಕೊಂಡೆ. ಮೇಷ್ಟ್ರ ಕಿವಿ ನನ್ನಿಂದ ಒಂದು ಮೊಳ.

ಚೆನ್ನಾಗಿ ನಡೆಯಿತು. ಹನ್ನೆರಡು ಪ್ರಶ್ನೆ ಕೇಳಿದರು. ಮೂರು ಕಡೆ ನಿಂತರು, ಮೂರು ಕಡೆಯೂ ನಾನು ಉಸಿರಿನಷ್ಟೇ ಸಣ್ಣಗೆ ಹೇಳಿದೆ. ಏಳು ಮಕ್ಕಳೂ ಗಿಣಿಗಳ ಹಾಗೆ ಒಪ್ಪಿಸಿದರು. ಬಂದ ಗುರುಗಳಿಗೆ ಸಂತೋಷವಾಯಿತು. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಓದಿದವರು ಅಷ್ಟಕ್ಕೆ ಬಿಡುವುದಿಲ್ಲ.

"ಮೇಷ್ಟ್ರೇ, ನಿಮಗೇ ಒಂದು ಪ್ರಶ್ನೆ ಕೇಳ್ತೀನಿ. ಪ್ರಾರ್ಥನೆ ಎಂದರೇನು?"

ಅದು ನೂರ ಎಂಬತ್ತೆಂಟನೇದು. ಮೇಷ್ಟ್ರು ಪೆಟ್ಟಿಗೆಯ ಕಡೆ ತಲೆ ವಾಲಿಸಿದರು. ನಾನು ಹೇಳಿದೆ. ಅವರು ಹೇಳಿದರು: "ಮನಸ್ಸನ್ನು ದೇವರತ್ತ ತಿರುಗಿಸಿ ಅವರೊಡನೆ ಮಾತನಾಡುವುದೇ ಪ್ರಾರ್ಥನೆ."

"ಅದು ಪುಸ್ತಕದ ಮಾತು. ನಿಮ್ಮ ಸ್ವಂತ ಮಾತಲ್ಲಿ ಹೇಳಿ."

ಸ್ವಂತ ಮಾತು ಇನ್ನೂರ ಹದಿನಾಲ್ಕರಲ್ಲಿ ಎಲ್ಲೂ ಇಲ್ಲ. ಮೇಷ್ಟ್ರು ಕಣ್ಣು ಮುಚ್ಚಿದರು. ನಾನು ಕಾದೆ. ಗುರುಗಳು ಕಾದರು. ಮೇಷ್ಟ್ರ ಕೈ ಪಂಚೆಯ ಅಂಚನ್ನು ಹಿಡಿದು ಹಿಂಡುತ್ತಿರುವುದು ಪರದೆಯ ಸಂದಿಯಿಂದ ಕಾಣುತ್ತಿತ್ತು. ತರಗತಿ ಹೋಯಿತು ಎಂದುಕೊಂಡೆ. ಪ್ರಾರ್ಥನೆಯ ಬಗ್ಗೆ ನನ್ನ ಹತ್ತಿರವೂ ಸ್ವಂತ ಮಾತಿರಲಿಲ್ಲ. ಕುರಿಯ ಬಗ್ಗೆ ಇತ್ತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಅವರು ಅದನ್ನೇ, ಒಂದು ಮಾತು ಬಿಡದೆ, ಗಟ್ಟಿಯಾಗಿ ಒಪ್ಪಿಸಿದರು.

"ಸಂಜೆ ಕುರಿ ಎಣಿಸೋದು ರೀ. ನಮ್ಮ ಯಜಮಾನ್ರು ದಿನಾ ದೊಡ್ಡಿ ಬಾಗ್ಲಲ್ಲಿ ನಿಂತು ಎಣಿಸೋರು. ಒಂದು ಕಮ್ಮಿ ಬಂದ್ರೆ ಬಾಗ್ಲು ಹಾಕ್ತಿರ್ಲಿಲ್ಲ. ಹಂಗೇ ನಿಂತಿರೋರು."

ಮುಂದಿನ ಸಾಲಿನ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು.

"ಮೇಷ್ಟ್ರಿಗೆ ಯಜಮಾನ್ರು ಅಂತೆ."

ಮಕ್ಕಳೆಲ್ಲ ನಕ್ಕರು. ಗುರುಗಳು ಎದ್ದು ಬಂದು ಪರದೆ ಸರಿಸಿದರು. ಮೆತ್ತೆಯ ಮೇಲೆ ನಾನು, ತೊಡೆಯ ಮೇಲೆ ಮೊರ. ಮೊರ ಯಾಕೆ ತಂದಿದ್ದೆ ಎಂದು ಈಗಲೂ ಕೇಳುತ್ತಾರೆ. ಅಭ್ಯಾಸ.

ಮೇಷ್ಟ್ರು ಯಾರ ಕಡೆಗೂ ನೋಡಲಿಲ್ಲ. ಕೋಲನ್ನು ಕುರ್ಚಿಯ ಮೇಲಿಟ್ಟು, ನಡೆದು ಹೊರಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು ನಿಂತರು. ಹೇಳಿಕೊಟ್ಟವಳು ನಾನಾದ್ದರಿಂದ ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಬಿಸಿಲು ಚೆನ್ನಾಗಿತ್ತು.

"ಕಿಟಕಿ ಹತ್ರ ಕೂತಾಗಿಂದ ನಂಗೆ ಗೊತ್ತಿತ್ತು" ಎಂದರು.

"ನಿಮಗೆ ಗೊತ್ತೈತೆ ಅಂತ ನಂಗೂ ಗೊತ್ತಿತ್ತು ರೀ."

"ಆ ಯಜಮಾನ್ರ ಮಾತು ಯಾಕೆ ಸೇರಿಸ್ದೆ?"

"ನೀವು ಬಿಟ್ಟು ಹೇಳ್ಬಹುದಿತ್ತಲ್ರೀ."

"ಹೇಳಿಕೊಟ್ಟಿದ್ರಲ್ಲಿ ಬಿಡೋಕೆ ನಂಗೆ ಬರಲ್ಲ."

ಒಳಗೆ ಪಾಠ ಮುಗಿದು ಗಂಟೆ ಹೊಡೆಯುವವರೆಗೆ ನಿಂತಿದ್ದೆವು. ಏಳು ಮಕ್ಕಳೂ ಪಾಸು. ತರಗತಿ ಹೋಯಿತು. ಫಾದರ್ ಮೇಷ್ಟ್ರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಕೋಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬಂದ ಗುರುಗಳು ಮಾತ್ರ ಆ ಕುರಿಯ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋದರಂತೆ. ಈಗ ಅದು ಮೇಷ್ಟ್ರ ಸ್ಮರಣೆಯ ಕಾರ್ಡಿನ ಮೇಲೆ, ಅವರ ಫೋಟೋದ ಕೆಳಗೆ, ಅಚ್ಚಾಗಿದೆ. ಯಜಮಾನರನ್ನು ತೆಗೆದಿದ್ದಾರೆ, ರೀ ತೆಗೆದಿದ್ದಾರೆ. ಉಜ್ಜಪ್ಪ ಎಣಿಸುತ್ತಿದ್ದದ್ದು ಬರೀ ಕುರಿಯನ್ನೇ ಎಂದು ನಾನು ಹೇಳಿದೆ. ಅಜ್ಜಿಗೆ ಅದರ ಆಳ ಗೊತ್ತಾಗಲಿಲ್ಲ ಎಂದರು ಕಾರ್ಡು ಅಚ್ಚು ಹಾಕಿಸಿದವರು.

ಲೂರ್ದಮ್ಮ ಆಗಲೇ ತೀರಿಕೊಂಡಿದ್ದಳು. ರೋಜಾ ಸೊರಬದಲ್ಲಿ ನರ್ಸು, ಮದುವೆ ಆಗಿಲ್ಲ. ಬಂದು ಅಪ್ಪನನ್ನು ಕರೆದುಕೊಂಡು ಹೋದಳು. ಬಸ್ ಸ್ಟ್ಯಾಂಡಿನ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ. ನಾನು ತಿಂಗಳ ಮೊದಲ ಮಂಗಳವಾರ ಬಸ್ಸಿನಲ್ಲಿ ಹೋಗಿ, ಒಂದು ಹೊತ್ತು ಕೂತು ಬರುತ್ತಿದ್ದೆ. ಹೋದ ಕೂಡಲೇ ಒಂದನೇ ಪ್ರಶ್ನೆಯಿಂದ ಶುರು ಮಾಡುತ್ತಿದ್ದರು. ನಾನು ಉತ್ತರ ಹೇಳುವುದು, ಅವರು ತಲೆಯಾಡಿಸುವುದು. ನನ್ನ ಹೆಸರು ಕೆಲವು ಸಲ ಲೂರ್ದಮ್ಮ, ಕೆಲವು ಸಲ ಫಾದರ್.

"ಅಜ್ಜಿ, ನಿಮಗೆ ಸಾಕಾಗಲ್ವಾ?" ಎಂದು ರೋಜಾ ಟೀ ಕೊಡುತ್ತಾ ಕೇಳಿದಳು.

"ನಿಂಗೆ ಒಂದಾದ್ರೂ ನೆನಪೈತೇನೇ?" ಎಂದರು ಅವಳ ಅಪ್ಪ.

"ಎಲ್ಲ ನೆನಪಿದೆ ಅಪ್ಪ. ಹೇಳಲ್ಲ, ಅಷ್ಟೆ."

ಒಂದು ಸಲ ನಾನು ಬೇಕೆಂದೇ ತಪ್ಪು ಉತ್ತರ ಹೇಳಿದೆ. ಬೈಯುತ್ತಾರೇನೋ ಎಂದು ಕಾದೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಸರಿ" ಎಂದರು. ಆ ಮೇಲೆ ಎಂದೂ ಹಾಗೆ ಮಾಡಲಿಲ್ಲ.

ಕೊನೆಯ ಸಲ ಹೋದದ್ದು ಹೋದ ವರ್ಷ, ದಸರೆಗೆ ಎಂಟು ದಿನ ಮುಂಚೆ. ರೋಜಾ ಡ್ಯೂಟಿಗೆ ಹೋಗಿದ್ದಳು. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು, ಕೈ ಬಹಳ ಸಣ್ಣಗಾಗಿತ್ತು. ಆ ದಿನ ನನ್ನ ಹೆಸರು ಸರಿಯಾಗಿ ಹೇಳಿದರು. ಪ್ರಶ್ನೆ ಶುರು ಮಾಡಲಿಲ್ಲ. ನಾನೇ ಒಂದನೇದನ್ನು ಎತ್ತಿಕೊಟ್ಟೆ. ಬೇಡ ಎಂದು ಕೈಯಾಡಿಸಿದರು.

"ನಲವತ್ತನಾಲ್ಕು ವರ್ಷ ಕಲಿಸ್ದೆ ಹನುಮಮ್ಮ. ಪೂರ್ತಿ ಉಳಿದಿದ್ದು ನಿಂಗೊಬ್ಳಿಗೆ."

"ಹೂಂ ರೀ."

"ನೀನು ನಮ್ಮೋಳಲ್ಲ."

"ಅಲ್ಲ ರೀ."

ಹೊರಗೆ ಬಸ್ಸೊಂದು ಹಾರನ್ ಹೊಡೆದು ಹೋಯಿತು. ಆಮೇಲೆ ಕಣ್ಣು ಮುಚ್ಚದೆ, ನನ್ನನ್ನೇ ನೋಡುತ್ತಾ ಕೇಳಿದರು.

"ಇಷ್ಟ್ರಲ್ಲಿ ಒಂದನ್ನಾದ್ರೂ ನೀನು ನಂಬಿದ್ಯಾ?"